ಅರ್ಥವಾರ್ತೆಯ ಶಬ್ದಾರ್ಥ

ಸಂಸ್ಕೃತದಲ್ಲಿ ‘ಅರ್ಥ’ ಎಂಬ ಶಬ್ದಕ್ಕೆ ಧನವೆಂಬ ಅರ್ಥವೂ ಉಂಟು, ಶಬ್ದದ ತಾತ್ಪರ್ಯವೆಂಬ ಅರ್ಥವೂ ಉಂಟು. ಪೂರ್ವಿಕರು ಈ ಎರಡನ್ನೂ ಒಂದೇ ಸೆರಗಿನಲ್ಲಿ ಗಂಟು ಹಾಕಿದ್ದು ಆಕಸ್ಮಿಕವೇ ಇರಬಹುದು. ಆದರೆ ಆಂಗ್ಲ ದಿನಪತ್ರಿಕೆಯ ವಾಣಿಜ್ಯ ಪುಟವನ್ನು ಬಿಡಿಸಿಕೊಂಡು ಕುಳಿತ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಆ ಗಂಟು ಅತ್ಯಂತ ಸಮುಚಿತವೆಂದು ತೋರದೆ ಇರದು. ಅಲ್ಲಿ ಮೊದಲನೆಯ ಅರ್ಥದ ಸುದ್ದಿ ತಿಳಿಯಬೇಕಾದರೆ ಎರಡನೆಯ ಅರ್ಥ ಮೊದಲು ಕೈಗೂಡಬೇಕು.

ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿಯೇ ಓದಿ, ಒಳ್ಳೆಯ ಅಂಕಗಳನ್ನು ಗಳಿಸಿ, ಮುಂದೆ ನಗರದ ಕಾಲೇಜಿನಲ್ಲಿ ವಾಣಿಜ್ಯ ವಿಷಯವನ್ನು ಆರಿಸಿಕೊಳ್ಳುವ ಹುಡುಗ ಹುಡುಗಿಯರು ಪ್ರತಿ ವರ್ಷವೂ ನೂರಾರು ಮಂದಿ. ಇವರಿಗೆ ಇಂಗ್ಲಿಷ್ ಬಾರದೆಂದಲ್ಲ. ಕ್ರಿಯಾಪದದ ಕಾಲವನ್ನು ಬಲ್ಲರು, ನಿಘಂಟನ್ನು ನೋಡಬಲ್ಲರು. ಆದರೂ ಪತ್ರಿಕೆಯ ಒಂದು ತಲೆಬರಹ ಅವರನ್ನು ದಿಙ್ಮೂಢರನ್ನಾಗಿ ಮಾಡಬಲ್ಲದು. 2023ರ ಏಪ್ರಿಲ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸಾಲುಸಾಲಾಗಿ ಏರಿಸುತ್ತ ಬಂದಿದ್ದ ಬಡ್ಡಿ ದರವನ್ನು ಶೇಕಡ 6.5ರಲ್ಲಿಯೇ ನಿಲ್ಲಿಸಿದಾಗ ವ್ಯಾಖ್ಯಾನಕಾರರು ಅದನ್ನು ‘ಹಾಕಿಶ್ ಪಾಸ್’ ಎಂದು ಕರೆದರು. ನಿಘಂಟನ್ನು ತೆರೆದವನಿಗೆ ದೊರೆಯುವುದು ಗಿಡುಗನಂಥ ನಿಲುಗಡೆ! ಎರಡೂ ಪದಗಳ ಅರ್ಥ ಸಿಕ್ಕಿತು, ವಾಕ್ಯದ ಅರ್ಥ ಮಾತ್ರ ಗಿಡುಗನ ಹಾಗೆ ಹಾರಿಹೋಯಿತು. ದರವನ್ನು ಸದ್ಯಕ್ಕೆ ಏರಿಸಿಲ್ಲ, ಆದರೆ ಬೆಲೆಯೇರಿಕೆಯೆಂಬ ಬೇಟೆಯ ಮೇಲಿಟ್ಟ ಕಣ್ಣನ್ನು ತೆಗೆದಿಲ್ಲ, ಬೇಕಾದರೆ ಮತ್ತೆ ಎರಗಲಾದೀತು ಎಂಬುದು ಅದರ ಭಾವ. ಇಷ್ಟನ್ನು ಎರಡು ಪದಗಳಲ್ಲಿ ಅಡಗಿಸುವ ಜಾಣ್ಮೆಯನ್ನು ಮೆಚ್ಚಬೇಕು. ಅಡಗಿದ್ದನ್ನು ತೆಗೆಯುವ ಕೀಲಿಕೈಯನ್ನು ಮಕ್ಕಳಿಗೆ ಕೊಡಲೂ ಬೇಕು.

ಆ ಕೀಲಿಕೈ ಹೊಸದೇನೂ ಅಲ್ಲ. ಅಲಂಕಾರಶಾಸ್ತ್ರವನ್ನು ಓದಿದವರೆಲ್ಲರೂ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಬ್ದಶಕ್ತಿಗಳನ್ನು ಬಲ್ಲರು. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ನೀರಿನ ಮೇಲೆ ಹಳ್ಳಿ ನಿಲ್ಲಲಾರದ ಕಾರಣ ಗಂಗೆಯ ದಡವೆಂದು ತಿಳಿಯಬೇಕು, ಇದು ಲಕ್ಷಣೆ. ಅಲ್ಲಿಯ ತಂಪು, ಪಾವಿತ್ರ್ಯಗಳು ಹೊಳೆದರೆ ಅದು ವ್ಯಂಜನೆ. ಅರ್ಥವಾರ್ತೆಯ ಇಂಗ್ಲಿಷಿನಲ್ಲಿ ಅಭಿಧೆಯ ಪಾಲು ಬಹಳ ಕಡಿಮೆ. ಮುಕ್ಕಾಲು ಪಾಲು ಲಕ್ಷಣೆ, ಉಳಿದದ್ದು ವ್ಯಂಜನೆ. ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಲಕ್ಷ್ಯಾರ್ಥವನ್ನು ಹುಡುಕಬೇಕೆಂಬ ಸೂತ್ರವನ್ನು ಹತ್ತನೆಯ ತರಗತಿಯ ಕನ್ನಡ ಪಾಠದಲ್ಲಿಯೇ ಉದಾಹರಣೆ ಸಹಿತ ಹೇಳಿಕೊಟ್ಟರೆ ಗಿಡುಗನನ್ನು ಕಂಡು ಬೆದರುವ ಪ್ರಮೇಯವಿರದು. ಕನ್ನಡ ಉಪಾಧ್ಯಾಯರ ಕೆಲಸ ಕನ್ನಡ ಪಠ್ಯದ ಕೊನೆಯ ಪುಟಕ್ಕೆ ಮುಗಿಯುತ್ತದೆ ಎಂಬ ಭಾವನೆ ಶಾಲೆಗಳಲ್ಲಿ ಬಲವಾಗಿದೆ. ಅದು ಸರಿಯಲ್ಲ.

ಇನ್ನು ಈ ಪದಗಳ ಹುಟ್ಟನ್ನು ಶೋಧಿಸಿದರೆ ಪರಕೀಯವೆಂಬ ಅಂಜಿಕೆಯೂ ಅರ್ಧ ಕರಗುತ್ತದೆ. ಹಣಕ್ಕೆ ಸಂಬಂಧಿಸಿದ್ದು ಎಂಬ ಅರ್ಥದಲ್ಲಿ ಬಳಕೆಯಾಗುವ ‘ಪೆಕ್ಯೂನಿಯರಿ’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ ‘ಪೆಕುಸ್’, ಅಂದರೆ ದನ. ಅದು ಸಂಸ್ಕೃತದ ‘ಪಶು’ ಶಬ್ದದ ಒಡಹುಟ್ಟು. ಶಾಲೆಯಲ್ಲಿ ಕಟ್ಟುವ ‘ಫೀ’ ಕೂಡ ಹಳೆಯ ಇಂಗ್ಲಿಷಿನಲ್ಲಿ ದನವೆಂಬ ಅರ್ಥವಿದ್ದ ಪದದೊಂದಿಗೇ ನೆಂಟಸ್ತಿಕೆ ಉಳ್ಳದ್ದು. ಕನ್ನಡದ ‘ದನ’ವನ್ನು ‘ಧನ’ ಶಬ್ದದ ತದ್ಭವವೆಂದು ತಿಳಿಯುವ ವಾಡಿಕೆಯಿದೆಯಷ್ಟೆ. ರೋಮಿನ ಒಕ್ಕಲಿಗನೂ ಕೃಷ್ಣಾತೀರದ ಒಕ್ಕಲಿಗನೂ ಐಶ್ವರ್ಯವನ್ನು ಎಣಿಸಿದ್ದು ಕೊಟ್ಟಿಗೆಯಲ್ಲಿಯೇ. ‘ಕ್ರೆಡಿಟ್’ ಎಂಬುದು ನಂಬುತ್ತೇನೆ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಭಾಷಾವಿಜ್ಞಾನಿಗಳು ಅದನ್ನು ವೇದದ ‘ಶ್ರದ್ಧಾ’ ಶಬ್ದದೊಂದಿಗೆ ಕೂಡಿಸುತ್ತಾರೆ. ಸಾಲವೆಂದರೆ ಶ್ರದ್ಧೆ! ಸಾಲ ಕೊಟ್ಟವನು ‘ಉತ್ತಮರ್ಣ’, ಪಡೆದವನು ‘ಅಧಮರ್ಣ’ ಎಂದ ಅಮರಸಿಂಹನ ದೃಷ್ಟಿಯಲ್ಲಿ ಅಷ್ಟು ದಾಕ್ಷಿಣ್ಯವಿಲ್ಲ.

‘ಬಜೆಟ್’ ಎಂದರೆ ಮೂಲದಲ್ಲಿ ಫ್ರೆಂಚರ ಚಿಕ್ಕ ತೊಗಲಿನ ಚೀಲ. 1733ರಲ್ಲಿ ಇಂಗ್ಲೆಂಡಿನಲ್ಲಿ ವಾಲ್ಪೋಲನ ತೆರಿಗೆ ಯೋಜನೆಯನ್ನು ಅಣಕಿಸಿ ಹೊರಟ ಒಂದು ಕಿರುಹೊತ್ತಗೆಯಲ್ಲಿ ಅವನು ಚೀಲ ಬಿಚ್ಚುವ ಮಾಂತ್ರಿಕ ವೈದ್ಯನಂತೆ ಚಿತ್ರಿತನಾದ. ಅಣಕದ ಮಾತೇ ಮುಂದೆ ಅಧಿಕೃತವಾಯಿತು. ಭಾರತದ ಹಣಕಾಸು ಮಂತ್ರಿಗಳು ಬಹುಕಾಲ ತೊಗಲಿನ ಪೆಟ್ಟಿಗೆಯನ್ನೇ ಹಿಡಿದು ಬರುತ್ತಿದ್ದರು. 2019ರ ಜುಲೈ ತಿಂಗಳಲ್ಲಿ ನಿರ್ಮಲಾ ಸೀತಾರಾಮನ್ ಅವರು ಅದನ್ನು ಬಿಟ್ಟು, ವರ್ತಕರ ಖಾತೆ ಪುಸ್ತಕದ ಮಾದರಿಯಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿದ ಕಾಗದಗಳನ್ನು ತಂದರು. ಚೀಲ ಹೋಯಿತು, ಚೀಲವೆಂಬ ಹೆಸರು ಉಳಿಯಿತು. ‘ಫಿಸ್ಕಲ್’ ಎಂಬುದರ ಮೂಲ ರೋಮನರ ಹಣದ ಬುಟ್ಟಿ. ‘ಬ್ಯಾಂಕ್’ ಇಟಲಿಯ ಚಿನಿವಾರರ ಮಣೆ.

ಕನ್ನಡದ ಶಬ್ದಗಳೇನು ಕಡಿಮೆ ಕುಲೀನವೆ? ಹಳ್ಳಿಯ ಸಾಹುಕಾರನ ಬಾಯಲ್ಲಿ ನಲಿಯುವ ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’ಯ ತದ್ಭವ. ಪಾಣಿನಿ ಮಹರ್ಷಿ ಅಷ್ಟಾಧ್ಯಾಯಿಯನ್ನು ಆರಂಭಿಸಿದ್ದೇ ವೃದ್ಧಿ ಶಬ್ದದಿಂದ. ಅಲ್ಲಿ ಅದು ಸ್ವರಗಳ ಸಂಜ್ಞೆ, ನಿಜ. ಆದರೆ ಐದನೆಯ ಅಧ್ಯಾಯದ ಒಂದು ಸೂತ್ರದಲ್ಲಿ ಅದೇ ಶಬ್ದವನ್ನು ಬಡ್ಡಿಯೆಂಬ ಅರ್ಥದಲ್ಲಿಯೇ, ಆಯ, ಲಾಭ, ಶುಲ್ಕಗಳ ಜೊತೆಗೆ ಕೂರಿಸಿದ್ದಾನೆ. ಆ ಶುಲ್ಕವೇ ಕನ್ನಡದ ‘ಸುಂಕ’. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ತೆರಿಗೆಗಳ ಸಾಲೇ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಕೊಡು ಕೊಳ್ಳುವ ಲೆಕ್ಕ ಕನ್ನಡದಲ್ಲಿ ಆಗದೆಂಬ ಮಾತು ಎಂಟು ನೂರು ವರ್ಷ ತಡವಾಗಿ ಹುಟ್ಟಿದ್ದು.

ಪದಗಳನ್ನು ಕಲಿಯುವ ಕ್ರಮಕ್ಕೂ ಅಮರಕೋಶದಲ್ಲಿ ಮಾದರಿಯಿದೆ. ಅಮರಸಿಂಹ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಲಿಲ್ಲ. ವಾರಿವರ್ಗ, ಸಿಂಹಾದಿವರ್ಗ, ವೈಶ್ಯವರ್ಗ ಎಂದು ಸಂಸಾರಗಳಾಗಿ ಕೂಡಿಸಿದ. ಅರ್ಥವಾರ್ತೆಯ ಇಂಗ್ಲಿಷ್ ಪದಗಳೂ ಹೀಗೆ ವರ್ಗಗಳಾಗಿ ಕುಳಿತಿವೆ, ಕಾಣುವ ಕಣ್ಣು ಬೇಕು. ನೀರಿನ ವರ್ಗವನ್ನೇ ನೋಡಬಹುದು. ಹಣ ಹರಿಯುತ್ತದೆ, ಬತ್ತುತ್ತದೆ, ಹೆಪ್ಪುಗಟ್ಟುತ್ತದೆ. ಹೊಸ ಷೇರನ್ನು ತೇಲಿಬಿಡುತ್ತಾರೆ. ಬಡ್ಡಿಯೂ ತೇಲುವ ಬಡ್ಡಿ. ಮುಳುಗಿದ ಬಂಡವಾಳವನ್ನು ‘ಸಂಕ್ ಕಾಸ್ಟ್’ ಎನ್ನುತ್ತಾರೆ. ಕೈಯಲ್ಲಿ ಥಟ್ಟನೆ ನಗದಾಗುವ ಗುಣವೇ ‘ಲಿಕ್ವಿಡಿಟಿ’. ದ್ರವಕ್ಕೂ ದ್ರವ್ಯಕ್ಕೂ ಇರುವ ಅಂತರ ಒಂದು ಒತ್ತಕ್ಷರ ಮಾತ್ರವೆಂದು ತರಗತಿಯಲ್ಲಿ ಹೇಳಿದರೆ ಆ ಪದವನ್ನು ಮಕ್ಕಳು ಜನ್ಮದಲ್ಲಿ ಮರೆಯಲಾರರು. ‘ಕರೆನ್ಸಿ’ ಎಂಬುದು ಓಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದಿದೆ. ಕನ್ನಡದ ‘ಚಲಾವಣೆ’ಯಲ್ಲಿಯೂ ಇರುವುದು ಚಲನೆಯೇ.

ಮೃಗವರ್ಗ ಇನ್ನೂ ಸ್ವಾರಸ್ಯದ್ದು. ಏರುಪೇಟೆಯ ಗೂಳಿ, ಇಳಿಪೇಟೆಯ ಕರಡಿಗಳನ್ನು ಕನ್ನಡ ಪತ್ರಿಕೆಗಳೂ ಸಾಕಿಕೊಂಡಿವೆ. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಿದವನ ಗಾದೆಯೊಂದು ಇಂಗ್ಲೆಂಡಿನಲ್ಲಿತ್ತು. ತನ್ನ ಬಳಿಯಿಲ್ಲದ ಷೇರನ್ನು ಬೆಲೆ ಇಳಿದೀತೆಂಬ ಭರವಸೆಯಿಂದ ಇಂದೇ ಮಾರುವವನಿಗೆ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಅದರಿಂದ ಆ ಹೆಸರು ಅಂಟಿತು. ಹುಬ್ಬಳ್ಳಿಯ ಹತ್ತಿ ಅಡತಿಯಲ್ಲಿಯೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿಯೋ ತಕ್ಕಡಿ ಹಿಡಿದವರಿಗೆ ಈ ಎರಡು ಮೃಗಗಳ ಅಗತ್ಯವೇ ಬೀಳಲಿಲ್ಲ. ‘ತೇಜಿ’, ‘ಮಂದಿ’ ಎಂಬ ಎರಡು ಮಾತುಗಳಿಂದ ಅವರ ಕೆಲಸ ನಡೆದಿದೆ. ಪಕ್ಷಿಗಳಲ್ಲಿ ಗಿಡುಗ, ಪಾರಿವಾಳಗಳು ರಾಜಕಾರಣದಿಂದ ವಲಸೆ ಬಂದವು. ಅಲ್ಲಿ ಗಿಡುಗ ಯುದ್ಧಪ್ರಿಯ. ಇಲ್ಲಿ ಬೆಲೆಗಳನ್ನು ಹತ್ತಿಕ್ಕಲು ಬಡ್ಡಿಯನ್ನು ಏರಿಸಬೇಕೆನ್ನುವವನು. ಪಾರಿವಾಳವೆಂದರೆ ಉದ್ಯೋಗ, ಉತ್ಪಾದನೆಗಳಿಗಾಗಿ ಬಡ್ಡಿಯನ್ನು ಇಳಿಸಬೇಕೆನ್ನುವವನು. 2022ರ ಏಪ್ರಿಲ್ ತಿಂಗಳಲ್ಲಿ ಚಿಲ್ಲರೆ ಹಣದುಬ್ಬರ ಶೇಕಡ 7.8ಕ್ಕೆ ಮುಟ್ಟಿತ್ತು. ಎರಡು ವರ್ಷಗಳ ಅನಂತರ, 2024ರ ಏಪ್ರಿಲಿನಲ್ಲಿ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಆ ಹಣದುಬ್ಬರವನ್ನು ಕೋಣೆಯೊಳಗಿನ ಆನೆಗೆ ಹೋಲಿಸಿ, ಅದೀಗ ಹೊರಗೆ ಅಡ್ಡಾಡಲು ಹೋಗಿದೆ, ಕಾಡಿಗೆ ಮರಳುವಂತೆ ಕಾಣುತ್ತಿದೆ ಎಂದರು. ಅದಕ್ಕೆ ಮೊದಲು ಒಮ್ಮೆ ಅರ್ಜುನನ ದೃಷ್ಟಿಯ ಮಾತನ್ನೂ ಆಡಿದ್ದರು. ಪಾರ್ಥನಿಗೆ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣದ ಪ್ರಸಂಗವನ್ನು ಬಲ್ಲ ವಿದ್ಯಾರ್ಥಿಗೆ ಅಂದಿನ ವಾರ್ತೆ ಇಂಗ್ಲಿಷಿನಲ್ಲಿದ್ದರೂ ಮನೆಯ ಮಾತಾಯಿತು.

ಹಾಗೆಯೇ ಗಾಳಿಯ ವರ್ಗ, ರೋಗದ ವರ್ಗ, ಯಂತ್ರದ ವರ್ಗ. ಎದುರುಗಾಳಿ ಬೀಸಿದರೆ ಪ್ರಗತಿಗೆ ಅಡ್ಡಿ, ಹಿಂಗಾಳಿ ಬೀಸಿದರೆ ಅನುಕೂಲ. ಹಡಗಿನವರ ಮಾತು ಇದು. ಯಂತ್ರ ಅತಿಯಾಗಿ ಕಾಯುತ್ತದೆ, ವಿಮಾನ ಮೆತ್ತಗೆ ಇಳಿಯುತ್ತದೆ. ಇವನ್ನು ಇಲ್ಲಿ ಬೆಳೆಸುವುದು ಬೇಡ. ಒಂದು ವರ್ಗದ ನಾಲ್ಕು ಪದ ತಿಳಿದವನಿಗೆ ಐದನೆಯದು ತಾನಾಗಿ ಹೊಳೆಯುತ್ತದೆ. ಯಾವ ವರ್ಗಕ್ಕೂ ಸೇರದ ವಿಚಿತ್ರ ಸೃಷ್ಟಿಗಳೂ ಉಂಟು. 1965ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಇಯಾನ್ ಮೆಕ್ಲಿಯಡ್ ಎಂಬ ಸದಸ್ಯರು ಸ್ಥಗಿತತೆಯ ತಲೆಯನ್ನೂ ಹಣದುಬ್ಬರದ ಬಾಲವನ್ನೂ ಕತ್ತರಿಸಿ ಹೊಲಿದು ‘ಸ್ಟ್ಯಾಗ್‌ಫ್ಲೇಷನ್’ ಎಂಬ ಪದವನ್ನು ಆಡಿದರು. ಇದು ಸಂಧಿಯೂ ಅಲ್ಲ, ಸಮಾಸವೂ ಅಲ್ಲ. ಕೇಶಿರಾಜನ ಮುಂದೆ ಹಿಡಿದಿದ್ದರೆ ಅವನು ಎರಡು ಕಿವಿಗಳನ್ನೂ ಮುಚ್ಚಿಕೊಳ್ಳುತ್ತಿದ್ದನು. ಆದರೆ ಉತ್ಪಾದನೆ ನಿಂತು ಬೆಲೆಯೂ ಏರುವ ಇಬ್ಬಗೆಯ ಕಷ್ಟಕ್ಕೆ ಒಂದೇ ಹೆಸರು ಬೇಕಾಗಿತ್ತು, ಪದ ಉಳಿಯಿತು.

ರೂಪಕಗಳು ನಗಿಸಿಯಾದರೂ ಕಲಿಸುತ್ತವೆ. ನಿಜವಾದ ಅಪಾಯ ಸರಳವಾಗಿ ಕಾಣುವ ಮಾತುಗಳಲ್ಲಿದೆ. ಹಣದುಬ್ಬರ ಇಳಿಯಿತು ಎಂಬ ವಾರ್ತೆಯನ್ನು ಓದಿದ ಗೃಹಸ್ಥ ಅಂಗಡಿಗೆ ಹೋಗಿ ಬೆಲೆ ಇಳಿದಿಲ್ಲವೆಂದು ಪತ್ರಿಕೆಯನ್ನು ಬಯ್ಯುತ್ತಾನೆ. ನೂರು ರೂಪಾಯಿಯ ಪದಾರ್ಥ ಒಂದು ವರ್ಷ ಶೇಕಡ 10ರಷ್ಟು ಏರಿದರೆ 110 ಆಯಿತು. ಮರುವರ್ಷ ಹಣದುಬ್ಬರ ಶೇಕಡ 5ಕ್ಕೆ ಇಳಿಯಿತು ಎಂದರೆ ಬೆಲೆ 110ರಿಂದ 115 ರೂಪಾಯಿ 50 ಪೈಸೆಗೆ ಏರಿತು ಎಂದೇ ಅರ್ಥ. ಇಳಿದದ್ದು ಏರಿಕೆಯ ವೇಗ, ಬೆಲೆಯಲ್ಲ. ಇಂಗ್ಲಿಷಿನಲ್ಲಿ ಈ ವೇಗದ ಇಳಿತಕ್ಕೆ ‘ಡಿಸ್‌ಇನ್‌ಫ್ಲೇಷನ್’ ಎಂದೂ, ಬೆಲೆಗಳೇ ಇಳಿಯುವುದಕ್ಕೆ ‘ಡಿಫ್ಲೇಷನ್’ ಎಂದೂ ಹೆಸರು. ಒಂದು ಉಪಸರ್ಗದ ವ್ಯತ್ಯಾಸದಲ್ಲಿ ಲೋಕವೇ ಬೇರೆ. ‘ಕೋರ್ ಇನ್‌ಫ್ಲೇಷನ್’ ಎಂಬ ಇನ್ನೊಂದು ಮಾತುಂಟು, ತಿರುಳಿನ ಹಣದುಬ್ಬರವೆಂದು. ಆ ತಿರುಳಿನಲ್ಲಿ ಅನ್ನವೂ ಇಲ್ಲ, ಒಲೆಯೂ ಇಲ್ಲ! ಆಹಾರ, ಇಂಧನಗಳ ಬೆಲೆ ಋತುಮಾನಕ್ಕೆ ತಕ್ಕಂತೆ ಹಾರಾಡುವುದರಿಂದ ಅವನ್ನು ಬಿಟ್ಟು ಉಳಿದದ್ದರ ನಿಂತ ನಡೆಯನ್ನು ನೋಡುತ್ತಾರೆ. ಉದ್ದೇಶ ಶಾಸ್ತ್ರೀಯವಾದದ್ದೇ, ಹೆಸರು ಮಾತ್ರ ಉಣ್ಣುವವರಿಗೆ ಒಗ್ಗದು.

ಶೇಕಡದ ಮಾತಿನಲ್ಲಿ ಆಧಾರವನ್ನು ಕೇಳದವನು ಮೋಸಹೋಗುತ್ತಾನೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ, ಮಹಾಮಾರಿಯ ದಿಗ್ಬಂಧನದ ಕಾಲದಲ್ಲಿ, ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡ 23.9ರಷ್ಟು ಕುಗ್ಗಿತೆಂದು ಮೊದಲ ಅಂದಾಜು ಹೇಳಿತು. ಮರುವರ್ಷ ಅದೇ ಅವಧಿಯಲ್ಲಿ ಶೇಕಡ 20.1ರಷ್ಟು ಬೆಳೆಯಿತೆಂದು ವಾರ್ತೆ ಬಂತು. ಬಿದ್ದದ್ದು ಬಹುಮಟ್ಟಿಗೆ ಎದ್ದಿತು ಎಂದು ತೋರುವುದು ಸಹಜ. ಆದರೆ ನೂರು ಇದ್ದದ್ದು 76.1 ಆಯಿತು, ಆ 76.1ಕ್ಕೆ ಶೇಕಡ 20.1 ಕೂಡಿಸಿದರೆ ಸುಮಾರು 91.4. ಇನ್ನೂ ಹಳೆಯ ನೂರನ್ನು ಮುಟ್ಟಿಲ್ಲ. ಇದನ್ನೇ ‘ಬೇಸ್ ಎಫೆಕ್ಟ್’ ಎನ್ನುವರು. ತಗ್ಗಿನಲ್ಲಿ ನಿಂತು ಅಳೆದರೆ ಗುಡ್ಡ ಎತ್ತರ. ಕುಗ್ಗಿದ್ದನ್ನು ಕುಗ್ಗಿತೆನ್ನದೆ ‘ನೆಗೆಟಿವ್ ಗ್ರೋತ್’, ಅಂದರೆ ಋಣಾತ್ಮಕ ಬೆಳವಣಿಗೆ ಎನ್ನುವ ವಾಡಿಕೆಯೂ ಇದೆ. ವದತೋವ್ಯಾಘಾತಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ತರ್ಕಶಾಸ್ತ್ರದಲ್ಲಿಯೂ ಸಿಗಲಾರದು.

ಎಣಿಕೆಯ ಹೆಸರುಗಳ ವಿಷಯದಲ್ಲಿಯೂ ಒಂದು ಮಾತು. ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ, ಟ್ರಿಲಿಯನ್ ಎಂದರೆ ಲಕ್ಷ ಕೋಟಿ. ಹಳೆಯ ಆಂಗ್ಲ ಪುಸ್ತಕಗಳಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿಯೇ ಆಗಿತ್ತು; ಬ್ರಿಟಿಷ್ ಸರಕಾರ 1974ರಲ್ಲಿ ಅಮೆರಿಕದ ಎಣಿಕೆಯನ್ನು ಒಪ್ಪಿಕೊಂಡಿತು. ಗ್ರಂಥಾಲಯದ ಹಳೆಯ ಪ್ರತಿಗಳನ್ನು ಓದುವ ಹುಡುಗರಿಗೆ ಉಪಾಧ್ಯಾಯರು ಇದನ್ನು ಮೊದಲೇ ತಿಳಿಸುವುದು ಲೇಸು.

ಎಲ್ಲಕ್ಕಿಂತ ಚಿಕ್ಕದಾಗಿ ಕಂಡು ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಡುವ ಪದ ‘ಬೇಸಿಸ್ ಪಾಯಿಂಟ್’. ಕನ್ನಡ ಪತ್ರಿಕೆಗಳು ಇದನ್ನು ‘ಮೂಲಾಂಶ’ ಎಂದು ಕರೆಯುತ್ತವೆ. ಶೇಕಡ ಒಂದರ ನೂರನೆಯ ಒಂದು ಪಾಲು ಇದು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಒಟ್ಟು 250 ಮೂಲಾಂಶಗಳಷ್ಟು ಏರಿಸಿತು. 4 ಇದ್ದದ್ದು 6.5 ಆಯಿತು. ‘ರೆಪೊ’ ಎಂಬುದು ಮರುಖರೀದಿ ಎಂಬರ್ಥದ ಪದದ ಮೊಟಕು ರೂಪ. ಬ್ಯಾಂಕುಗಳು ಸರಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿಗೆ ಮಾರಿ, ಮತ್ತೆ ಕೊಳ್ಳುವ ಕರಾರಿನ ಮೇಲೆ ಹಣ ಪಡೆಯುವ ಈ ಏರ್ಪಾಡು ಹಳ್ಳಿಗಳ ಅವಧಿ ಕ್ರಯವನ್ನು ಕಂಡವರಿಗೆ ಹೊಸತಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಗೃಹಸಾಲಗಳ ತೇಲುವ ಬಡ್ಡಿಯನ್ನು ರೆಪೊ ಮೊದಲಾದ ಹೊರಗಿನ ಅಳತೆಗೋಲಿಗೆ ಕಟ್ಟಲಾಗಿದೆ. ಆದುದರಿಂದ ಮುಂಬಯಿಯಲ್ಲಿ ಗಿಡುಗ ರೆಕ್ಕೆ ಬಿಚ್ಚಿದರೆ ಅದರ ನೆರಳು ತಾಲ್ಲೂಕಿನ ಮನೆಯಂಗಳದಲ್ಲಿ ಬೀಳುತ್ತದೆ.

ಮಠದ ಪ್ರಸಾದ ನಿಲಯದಲ್ಲಿದ್ದು ಕನ್ನಡದಲ್ಲಿಯೇ ಓದಿ ಮುಂದೆ ಬಿ.ಕಾಂ. ಸೇರಿದ ಒಬ್ಬ ಹುಡುಗನ ಮನೆಯಲ್ಲಿ ಈ ನೆರಳು ಬಿದ್ದ ಬಗೆಯನ್ನು ಹೇಳಬೇಕು. ಮೊದಲ ವರ್ಷ ತರಗತಿಯ ಇಂಗ್ಲಿಷಿಗೆ ಬೆದರಿ ಊರಿಗೆ ಮರಳಲು ಪೆಟ್ಟಿಗೆ ಕಟ್ಟಿದವನು ಆತ. ಹಿರಿಯ ವಿದ್ಯಾರ್ಥಿಯೊಬ್ಬ ತಡೆದು, ದಿನಕ್ಕೆ ಒಂದೇ ವಾರ್ತೆಯನ್ನು ಕನ್ನಡ ಪತ್ರಿಕೆಯಲ್ಲಿಯೂ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಓದಿ ಪದಗಳನ್ನು ಕಿರ್ದಿ ಪುಸ್ತಕದ ಮಾದರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಬರೆಯಲು ಹಚ್ಚಿದ. ಎರಡು ವರ್ಷಗಳಲ್ಲಿ ನಾಲ್ಕು ಪುಸ್ತಕ ತುಂಬಿದವು. 2022ರ ಆರಂಭದಲ್ಲಿ ಅವನ ತಂದೆ ಮನೆ ಕಟ್ಟಿಸಲು 20 ವರ್ಷಗಳ ಅವಧಿಗೆ ಸಾಲ ಮಾಡಿದ್ದರು. ಮರುವರ್ಷ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಬಡ್ಡಿಯ ದರ ‘ರೀಸೆಟ್’ ಆಗಿದೆ, ಕಂತಿನ ಮೊತ್ತದಲ್ಲಿ ಬದಲಾವಣೆಯಿಲ್ಲ, ‘ಟೆನ್ಯೂರ್’ ಪರಿಷ್ಕೃತವಾಗಿದೆ ಎಂಬಷ್ಟೇ ಅದರ ಸಾರ. ತಂದೆಗೆ ಸಮಾಧಾನವಾಯಿತು.

“ಕಂತು ಹೆಚ್ಚಾಗಿಲ್ಲ ಅಂತ ಬರದಾರಲ್ಲ ತಮ್ಮಾ, ಮತ್ತ ಹೆದರೂದು ಏನೈತಿ?” ಎಂದರು.

ಹುಡುಗ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಹತ್ತು ಲಕ್ಷ ರೂಪಾಯಿ ಸಾಲಕ್ಕೆ ಶೇಕಡ 7ರಂತೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 7,753 ರೂಪಾಯಿ. ದರಕ್ಕೆ 250 ಮೂಲಾಂಶ ಕೂಡಿ 9.5 ಆದರೆ ಅದೇ ಹತ್ತು ಲಕ್ಷದ ಮೇಲಿನ ಒಂದು ತಿಂಗಳ ಬಡ್ಡಿಯೇ ಸುಮಾರು 7,917 ರೂಪಾಯಿ. ಮೊದಲ ವರ್ಷದಲ್ಲಿ ಅಸಲು ಕರಗುವುದು ಅತ್ಯಲ್ಪ. ಹಳೆಯ ಕಂತನ್ನೇ ಕಟ್ಟುತ್ತ ಹೋದರೆ ಅದು ಬಡ್ಡಿಗೇ ಸಾಲದು.

“ಕಂತು ಹೆಚ್ಚಾಗಿಲ್ಲ ಅಪ್ಪಾ, ಸಾಲಾನ ಹೆಚ್ಚಾಗಾಕತ್ತೈತಿ,” ಎಂದ ಮಗ.

ಮರುದಿನ ತಂದೆ ಮಕ್ಕಳಿಬ್ಬರೂ ಬ್ಯಾಂಕಿಗೆ ಹೋಗಿ ಕಂತನ್ನು ಏರಿಸಿಕೊಂಡು ಬಂದರು. ಆ ವರ್ಷ ಎತ್ತುಗಳ ಜೋಡಿಯಲ್ಲಿ ಒಂದನ್ನು ಮಾರಬೇಕಾಯಿತು, ಮನೆ ಉಳಿಯಿತು. 2023ರ ಆಗಸ್ಟ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಒಂದು ಆದೇಶ ನೀಡಿತು: ದರ ಮರುನಿಗದಿಯಾಗುವಾಗ ಅದರ ಪರಿಣಾಮವನ್ನು ಸಾಲಗಾರರಿಗೆ ತಿಳಿಸಬೇಕು, ಕಂತನ್ನು ಏರಿಸುವ, ಅವಧಿಯನ್ನು ಬೆಳೆಸುವ, ಸ್ಥಿರ ಬಡ್ಡಿಗೆ ಬದಲಾಗುವ ಆಯ್ಕೆಗಳನ್ನು ಅವರಿಗೆ ಕೊಡಬೇಕು, ಬಡ್ಡಿಯನ್ನೂ ತೀರಿಸದಂಥ ಸ್ಥಿತಿಗೆ ಸಾಲ ತಲುಪದಂತೆ ನೋಡಿಕೊಳ್ಳಬೇಕು ಎಂದು. ಬಹಳ ಒಳ್ಳೆಯ ಆದೇಶ. ಆದರೆ ಆಯ್ಕೆಯ ಪತ್ರವೂ ಒಂದು ಭಾಷೆಯಲ್ಲಿಯೇ ಬರುತ್ತದಲ್ಲವೆ?

ಪದಗಳಷ್ಟೇ ಅಲ್ಲ, ವಾಕ್ಯರಚನೆಯನ್ನೂ ಗಮನಿಸುವುದು ಅವಶ್ಯ. ಅರ್ಥವಾರ್ತೆಯ ಇಂಗ್ಲಿಷಿಗೆ ಕರ್ಮಣಿ ಪ್ರಯೋಗದ ಮೇಲೆ ವಿಪರೀತ ಮೋಹ. ದರಗಳು ಏರಿಸಲ್ಪಟ್ಟವು, ಸಾವಿರ ಉದ್ಯೋಗಗಳು ಕಡಿತಗೊಳಿಸಲ್ಪಟ್ಟವು ಎಂದು ಬರೆದರೆ ಕರ್ತೃಪದ ಲೋಪವಾಯಿತು. ಯಾರು ಏರಿಸಿದರು, ಯಾರು ಕಡಿದರು? ಕರ್ತರಿ ಪ್ರಯೋಗಕ್ಕೆ ತಿರುಗಿಸಿ ನೋಡೆಂದು ಹುಡುಗರಿಗೆ ಹೇಳಿದರೆ ವ್ಯಾಕರಣದ ಅಭ್ಯಾಸವೂ ಆಯಿತು, ವಾರ್ತೆಯ ಬಗಲಲ್ಲಿ ಬಚ್ಚಿಟ್ಟುಕೊಂಡವನ ಪತ್ತೆಯೂ ಆಯಿತು. ‘ಅಮಿಡ್’ ಎಂಬ ಇನ್ನೊಂದು ಉಪಾಯದ ಅವ್ಯಯವಿದೆ. ಯುದ್ಧಭೀತಿಯ ನಡುವೆ ಪೇಟೆ ಕುಸಿಯಿತು ಎನ್ನುತ್ತಾರೆ. ಯುದ್ಧಭೀತಿಯಿಂದ ಕುಸಿಯಿತು ಎನ್ನುವುದಿಲ್ಲ. ಪಂಚಮಿಯನ್ನು ಹೇಳುವ ಧೈರ್ಯವಿಲ್ಲದೆಡೆ ಸಪ್ತಮಿಯನ್ನು ಇಟ್ಟು ಜಾರಿಕೊಳ್ಳುವ ಕ್ರಮ ಇದು. ಷೇರುಗಳು ಶೇಕಡ ಹತ್ತರಷ್ಟು ಬಿದ್ದರೆ ‘ಕರೆಕ್ಷನ್’ ಆಯಿತು ಎನ್ನುತ್ತಾರೆ. ಅಚ್ಚಿನ ಕರಡನ್ನು ತಿದ್ದುವವರಿಗೆ ಚಿರಪರಿಚಿತವಾದ ಈ ಪದ, ಕಳೆದುಕೊಂಡವನ ಹಣವೊಂದು ಕಾಗುಣಿತದ ತಪ್ಪಾಗಿತ್ತೋ ಎಂಬಂತೆ ನುಡಿಯುತ್ತದೆ. ಅಮಂಗಳವನ್ನು ಮೃದುವಾಗಿ ಹೇಳುವುದು ಕನ್ನಡಕ್ಕೂ ಸಹಜ. ದೀಪ ಆರಿತೆನ್ನದೆ ಶಾಂತವಾಯಿತು ಎನ್ನುವರು. ಆದರೆ ದೀಪ ಶಾಂತವಾಯಿತೆಂದು ಕೇಳಿದವನಿಗೆ ಕತ್ತಲಾಯಿತೆಂಬುದು ತಿಳಿಯುತ್ತದೆ. ಕರೆಕ್ಷನ್ ಆಯಿತೆಂದು ಕೇಳಿದವನಿಗೆ ಅಷ್ಟೂ ತಿಳಿಯುವುದಿಲ್ಲ.

ಏರಿಳಿತದ ಕ್ರಿಯಾಪದಗಳಲ್ಲಿ ಇಂಗ್ಲಿಷ್ ಶ್ರೀಮಂತವೆಂಬ ಮಾತನ್ನು ಅಲ್ಲಗಳೆಯಲಾಗದು. ಅಂಗುಲ ಅಂಗುಲವಾಗಿ ಏರುವುದಕ್ಕೊಂದು, ಉಕ್ಕುವುದಕ್ಕೊಂದು, ಬಿದ್ದು ಪುಟಿಯುವುದಕ್ಕೊಂದು ಪದ. ಕನ್ನಡದ ಪೇಟೆ ವರದಿಗಳನ್ನು ಓದಿದವರಿಗೆ ಇಲ್ಲಿಯೂ ದಾರಿದ್ರ್ಯ ಕಾಣದು: ಧಾರಣೆ ಚೇತರಿಸಿತು, ಜಿಗಿಯಿತು, ಗಗನಕ್ಕೇರಿತು, ಜಾರಿತು, ಕುಸಿಯಿತು, ನೆಲಕಚ್ಚಿತು. ಜಾರುವುದಕ್ಕೂ ನೆಲಕಚ್ಚುವುದಕ್ಕೂ ಇರುವ ತಾರತಮ್ಯವನ್ನು ಕನ್ನಡದಲ್ಲಿ ಬಲ್ಲ ವಿದ್ಯಾರ್ಥಿಗೆ ಇಂಗ್ಲಿಷ್ ಪದವನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದಷ್ಟೇ ಉಳಿದ ಕೆಲಸ. ಹೊಸ ಮಾತುಗಳನ್ನು ಕಟ್ಟುವಾಗ ಕನ್ನಡವೂ ಮಡಿವಂತಿಕೆಯನ್ನು ಬಿಟ್ಟಿದೆ. ‘ಹಣದುಬ್ಬರ’ ಅನುವಾದವಾದರೂ ಅಚ್ಚಗನ್ನಡದ ನಡಿಗೆಯುಳ್ಳದ್ದು. ‘ಷೇರುಪೇಟೆ’, ‘ರೆಪೊ ದರ’ಗಳನ್ನು ಅರಿಸಮಾಸವೆಂದು ದೂಷಿಸಬಹುದು, ಆದರೆ ಜನರ ನಾಲಗೆ ಒಪ್ಪಿದ ಮೇಲೆ ಸೂತ್ರ ಪಕ್ಕಕ್ಕೆ ಸರಿದು ದಾರಿ ಕೊಡುವುದೇ ಮರ್ಯಾದೆ. ಅದೇ ‘ವಿತ್ತೀಯ ಕೊರತೆ’ ಎಂಬಲ್ಲಿ ಸಂಸ್ಕೃತದ ಭಾರ ಹೆಚ್ಚಾಗಿ, ಸಾಲವನ್ನು ಬಿಟ್ಟು ಸರಕಾರದ ಉಳಿದ ಆದಾಯಕ್ಕಿಂತ ಖರ್ಚು ಎಷ್ಟು ಮಿಗಿಲಾಯಿತೋ ಅಷ್ಟು ಎಂಬ ಸರಳ ಸಂಗತಿ ಮುಚ್ಚಿಹೋಗಿದೆ.

ಪ್ರೌಢಶಾಲೆಯಲ್ಲಿ ವಾರಕ್ಕೆ ಒಂದು ಅವಧಿಯನ್ನು ಇದಕ್ಕೆಂದು ತೆಗೆದಿರಿಸುವುದು ಕಷ್ಟವೇನಲ್ಲ. ಎರಡು ಪತ್ರಿಕೆ, ಒಂದು ಕರಿಹಲಗೆ ಸಾಕು. ಕನ್ನಡ, ಇಂಗ್ಲಿಷ್, ಗಣಿತದ ಉಪಾಧ್ಯಾಯರು ಮೂವರೂ ಒಂದೇ ತರಗತಿಯಲ್ಲಿ ಕುಳಿತರೆ ಇನ್ನೂ ಚೆಂದ. ಏಕೆಂದರೆ ಈ ಪದಗಳಲ್ಲಿ ಮೂವರ ಪಾಲೂ ಇದೆ. ಪೇಟೆಯಲ್ಲಿ ನೆಲೆಯೂರಿದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬಂದು ಅಡತಿಯ ಮಾತಿನಲ್ಲಿ ಅದನ್ನೇ ವಿವರಿಸಿದರೆ ಮಕ್ಕಳಿಗೆ ತೇಜಿಯ ಪಕ್ಕದಲ್ಲಿ ಗೂಳಿ ನಿಂತದ್ದು ಕಣ್ಣಿಗೆ ಕಟ್ಟೀತು.

ದಾನಿಗಳಿಗೂ ಸಂಬಂಧಿಸಿದ ಒಂದು ಜೋಡಿ ಪದ ಉಳಿದಿದೆ: ‘ನಾಮಿನಲ್’ ಮತ್ತು ‘ರಿಯಲ್’, ನಾಮಮಾತ್ರದ್ದು ಮತ್ತು ವಾಸ್ತವವಾದದ್ದು. ಶಾಲೆಗಳಲ್ಲಿ ತಂದೆ ತಾಯಿಗಳ ಹೆಸರಿನಲ್ಲಿ ದತ್ತಿನಿಧಿಯಿಟ್ಟು, ಅದರ ಬಡ್ಡಿಯಲ್ಲಿ ಪ್ರತಿಭಾವಂತರಿಗೆ ಪುಸ್ತಕ ಕೊಡುವ ಪುಣ್ಯಕಾರ್ಯ ನಡೆದುಬಂದಿದೆ. ಹತ್ತು ಸಾವಿರ ರೂಪಾಯಿಯ ದತ್ತಿಗೆ ಶೇಕಡ 7ರಂತೆ ವರ್ಷಕ್ಕೆ 700 ರೂಪಾಯಿ ಬಡ್ಡಿ ಬಂದಿತೆನ್ನೋಣ. ನಿಘಂಟಿಗೆ 350 ರೂಪಾಯಿ ಇದ್ದರೆ ಇಬ್ಬರು ಮಕ್ಕಳಿಗೆ ಬಹುಮಾನವಾಯಿತು. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರುತ್ತ ಹೋದರೆ ಸುಮಾರು 12 ವರ್ಷಗಳಲ್ಲಿ ಇಮ್ಮಡಿಸುತ್ತವೆ. ಆಗ ಅದೇ 700 ರೂಪಾಯಿಗೆ ಒಂದೇ ನಿಘಂಟು. ಇನ್ನು 12 ವರ್ಷ ಕಳೆದರೆ ಅರ್ಧ ನಿಘಂಟು, ಅಕಾರದಿಂದ ಹೊರಟು ಪಕಾರದವರೆಗೆ ಬಂದೀತು. ದತ್ತಿಯ ಮೊತ್ತ ಪುಸ್ತಕದಲ್ಲಿ ಹತ್ತು ಸಾವಿರವೆಂದೇ ಇರುತ್ತದೆ, ಒಂದು ಪೈಸೆಯೂ ಕಡಿಮೆಯಾಗಿರುವುದಿಲ್ಲ. ಬಡ್ಡಿಯೆಲ್ಲವನ್ನೂ ಹಂಚದೆ, ಹಣದುಬ್ಬರದಷ್ಟು ಭಾಗವನ್ನು ವರ್ಷವರ್ಷವೂ ಅಸಲಿಗೆ ಕೂಡಿಸಬೇಕು, ಇಲ್ಲವೆ ಕೆಲವು ವರ್ಷಗಳಿಗೊಮ್ಮೆ ದಾನಿಗಳ ಮನೆಯವರು ಮೂಲನಿಧಿಯನ್ನು ಬೆಳೆಸಬೇಕು. ಹಳೆಯ ದತ್ತಿಗಳ ಪಟ್ಟಿಯನ್ನು ಹಿಡಿದು, ಯಾವುದರ ಬಡ್ಡಿ ಇಂದು ಎಷ್ಟು ಪುಟಗಳ ಪುಸ್ತಕಕ್ಕೆ ಸಾಲುತ್ತದೆಂದು ಹತ್ತನೆಯ ತರಗತಿಯ ಮಕ್ಕಳಿಂದಲೇ ಲೆಕ್ಕ ಮಾಡಿಸಿ, ಆ ಪಟ್ಟಿಯನ್ನು ವಾರ್ಷಿಕ ಸಭೆಯಲ್ಲಿ ಓದಿಸಬಹುದು.